ಮಾವ್ಶಿಯ ಚಾರ್ಟಿನ ಕ್ವಾರ್ಟರ್‌ಬ್ಯಾಕ್

ಅಮೆರಿಕದವರು ಫುಟ್‌ಬಾಲ್ ಎಂದು ಹೆಸರಿಟ್ಟು ಕೈಯಲ್ಲಿ ಆಡುತ್ತಾರಲ್ಲ, ಆ ಆಟದ ಬಗ್ಗೆ ನನ್ನ ಮಾವ್ಶಿಯಷ್ಟು ತಿಳಿದವರು ಬಹರೈನಿನ ಕನ್ನಡಿಗರಲ್ಲಿ ಇನ್ನೊಬ್ಬರಿಲ್ಲ. ಅದರ ನಿಯಮಗಳು ಮಾತ್ರ ಅವರಿಗೆ ಇವತ್ತಿಗೂ ಗೊತ್ತಿಲ್ಲ!

ಮಾವ್ಶಿ ಎಂದರೆ ನನ್ನ ಅಮ್ಮನ ತಂಗಿ. ಮಂಗಳೂರಿನಿಂದ ಬಂದು ಮೂವತ್ತು ವರ್ಷದಿಂದ ಇಲ್ಲಿ ನರ್ಸ್. ಜುಫೈರ್‌ನ ಒಂದು ಎತ್ತರದ ಕಟ್ಟಡದ ಎಂಟನೆಯ ಮಹಡಿಯಲ್ಲಿ ಅವರ ಫ್ಲ್ಯಾಟು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ನನಗೆ ಇಂಜೆಕ್ಷನ್ ಕೊಡುವಾಗ ದಪ್ಪ ಸೂಜಿ ಹುಡುಕುತ್ತಾರೆ. ನನ್ನ ಹೆಂಡತಿ ಭದ್ರಾವತಿಯವಳು. ನಮ್ಮ ಮನೆಮಾತಾದ ಕೊಂಕಣಿಯಲ್ಲಿ ಅವಳಿಗೆ ಗೊತ್ತಿರುವುದು ನಾಲ್ಕು ಬೈಗುಳ ಮಾತ್ರ, ಅದನ್ನೂ ಮಾವ್ಶಿಯಿಂದಲೇ ಕಲಿತದ್ದು. ಹಾಗಾಗಿ ನಾವೆಲ್ಲ ಸೇರಿದಲ್ಲಿ ಮಾತು ಕನ್ನಡದಲ್ಲೇ ನಡೆಯುತ್ತದೆ.

ಇಷ್ಟು ವರ್ಷ ಇಲ್ಲದ ಬುದ್ಧಿ ಈಗ ಯಾಕೆ ಬಂತು, ಮಾವ್ಶಿಯ ಬಗ್ಗೆ ಬರೆಯಲಿಕ್ಕೆ? ಮೂರು ವಾರದ ಹಿಂದೆ ಅವರ ಫ್ಲ್ಯಾಟಿನ ಹಾಲ್‌ನಲ್ಲಿ ನನ್ನ ಮೂರು ವರ್ಷದ ಮಗಳ ಉಸಿರು ನಿಂತಿತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಮಗಳು ಈಗ ಚೆನ್ನಾಗಿದ್ದಾಳೆ, ನಿನ್ನೆಯಷ್ಟೇ ನನ್ನ ಮೊಬೈಲನ್ನು ಬಕೆಟಿನಲ್ಲಿ ಮುಳುಗಿಸಿದಳು. ಚೆನ್ನಾಗಿಲ್ಲದವನು ನಾನು. ಆಫೀಸಿನ ಲಿಫ್ಟಿನಲ್ಲಿ, ಸಿಗ್ನಲಿನಲ್ಲಿ, ಹಲ್ಲುಜ್ಜುವಾಗ ಆ ಒಂದು ನಿಮಿಷ ಮತ್ತೆ ಮೊದಲಿಂದ ಶುರುವಾಗುತ್ತದೆ. ಬರೆದರೆ ಸ್ವಲ್ಪ ನಿಲ್ಲಬಹುದು ಎಂದು ಹೆಂಡತಿ ಹೇಳಿದಳು. ಬರೆಯಲು ಕೂತರೆ ಮೊದಲು ಕಣ್ಣಿಗೆ ಬಂದದ್ದು ಮಾವ್ಶಿಯ ಟಿವಿ.

ಆ ಆಟ ಅವರಿಗೆ ಅಂಟಿದ್ದು ಕ್ಲಿನಿಕ್ಕಿನಲ್ಲಿ. ಹತ್ತಿರದಲ್ಲೇ ನೌಕಾನೆಲೆ ಇರುವುದರಿಂದ ಅಲ್ಲಿಗೆ ಅಮೆರಿಕದವರೂ ಬರುತ್ತಾರೆ. ಯಾರೋ ಒಬ್ಬರು ಕಾಯುವ ಕೋಣೆಯ ಟಿವಿಯಲ್ಲಿ ಪಂದ್ಯ ಹಾಕಿಸಿದ್ದರಂತೆ. ಹೆಲ್ಮೆಟ್ ಹಾಕಿದ ಇಪ್ಪತ್ತೆರಡು ಜನ ಒಬ್ಬರ ಮೇಲೊಬ್ಬರು ಬೀಳುವುದನ್ನು ಮಾವ್ಶಿ ಐದು ನಿಮಿಷ ನಿಂತು ನೋಡಿದರು. ಪಕ್ಕದಲ್ಲಿದ್ದ ರೋಗಿಯ ಹತ್ತಿರ ಅವರು ಕೇಳಿದ ಮೊದಲ ಪ್ರಶ್ನೆ, ಇವರಿಗೆಲ್ಲ ಡ್ರೆಸ್ಸಿಂಗ್ ಮಾಡುವುದು ಯಾರು ಎಂದು.

ಮೊದಮೊದಲು ಅವರು ನೋಡುತ್ತಿದ್ದದ್ದು ಗಾಯಗಳನ್ನು ಮಾತ್ರ. ಯಾರಾದರೂ ಬಿದ್ದು ಏಳದಿದ್ದರೆ ಕಾಮೆಂಟ್ರಿಯವರಿಗಿಂತ ಮೊದಲು ಇವರ ತೀರ್ಪು ಬರುತ್ತಿತ್ತು: ಮೊಣಕಾಲು, ಒಳಗಿನ ಲಿಗಮೆಂಟು, ಆರು ವಾರ ರಜೆ. ಪರದೆಯ ಆಚೆ ಸ್ಟ್ರೆಚರ್ ತರುವವರು ನಿಧಾನ ಮಾಡಿದರೆ ಇಲ್ಲಿ ಎಂಟನೆಯ ಮಹಡಿಯಲ್ಲಿ ಅವರಿಗೆ ಬೈಗುಳ! ಆಮೇಲೆ ನಿಧಾನವಾಗಿ ಅವರ ಕಣ್ಣು ಒಬ್ಬನ ಮೇಲೆ ನೆಟ್ಟಿತು. ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ ಅವನನ್ನು. ಮಧ್ಯದಲ್ಲಿ ನಿಂತು ಚೆಂಡು ಹಿಡಿದು, ಅದನ್ನು ಯಾರಿಗೆ ಎಸೆಯಬೇಕೆಂದು ಮೂರು ಸೆಕೆಂಡಿನೊಳಗೆ ತೀರ್ಮಾನಿಸಬೇಕಾದವನು. ಅಷ್ಟರಲ್ಲಿ ಎದುರು ತಂಡದ ದಾಂಡಿಗರು ಅವನನ್ನು ಅಪ್ಪಚ್ಚಿ ಮಾಡಲು ಓಡಿಬರುತ್ತಿರುತ್ತಾರೆ. ಅವನ ಮುಂದೆ ಅವನದೇ ತಂಡದ ನಾಲ್ಕೈದು ದೊಡ್ಡ ಆಳುಗಳು ಗೋಡೆಯಂತೆ ನಿಂತು ತಡೆಯುತ್ತಾರೆ. ಚೆಂಡಿನ ಹತ್ತಿರ ಅವರು ಹೋಗುವುದೇ ಇಲ್ಲ.

ನೀಲಿ ಅಂಗಿಯ ಒಂದು ತಂಡದಲ್ಲಿ ಇಂಥ ಒಬ್ಬ ಎಳೆಯ ಕ್ವಾರ್ಟರ್‌ಬ್ಯಾಕ್ ಇದ್ದ. ಎರಡನೆಯ ವರ್ಷ. ಹೆಚ್ಚಾಗಿ ಟೋಪಿ ಹಾಕಿಕೊಂಡು ಬೆಂಚಿನಲ್ಲಿ ಕೂರುವವನು, ಆ ಜಾಗದ ಹಿರಿಯ ಆಟಗಾರನಿಗೆ ಪೆಟ್ಟಾದಾಗ ಇಳಿಯುವವನು. ಅವನು ಮುಂದೆ ಮೊದಲ ನಿಮಿಷದಿಂದ ಆಡಬಲ್ಲ ಖಾಯಂ ಆಟಗಾರನಾಗುತ್ತಾನೋ ಇಲ್ಲವೋ? ಅಮೆರಿಕದ ಪಂಡಿತರೆಲ್ಲ ಟಿವಿಯಲ್ಲಿ ಕೂತು ಇದನ್ನೇ ಚರ್ಚಿಸುತ್ತಿದ್ದರು. ಮಾವ್ಶಿ ಚರ್ಚಿಸಲಿಲ್ಲ. ಕ್ಲಿನಿಕ್ಕಿನಿಂದ ಹಳೆಯ ನಮೂನೆಯ ಚಾರ್ಟುಗಳ ಒಂದು ಕಟ್ಟು ತಂದು, ರಟ್ಟಿಗೆ ಕ್ಲಿಪ್ ಹಾಕಿ, ರೋಗಿಯ ಮಂಚದ ಕಾಲಿಗೆ ತೂಗುಹಾಕುವಂತೆ ಟಿವಿ ಸ್ಟ್ಯಾಂಡಿಗೆ ತೂಗುಹಾಕಿದರು.

ಚಾರ್ಟು ಬರೆಯಲು ನರ್ಸುಗಳಲ್ಲಿ ಒಂದು ಪದ್ಧತಿ ಇದೆ. ಕಣ್ಣಿಗೆ ಕಂಡದ್ದನ್ನು ಬರೆಯಬೇಕು, ಅನಿಸಿದ್ದನ್ನಲ್ಲ. ರೋಗಿಗೆ ಬೇಸರವಾಗಿದೆ ಎಂದು ಬರೆಯುವಂತಿಲ್ಲ. ಎರಡು ತುತ್ತು ತಿಂದು ತಟ್ಟೆ ದೂಡಿದ ಎಂದು ಬರೆಯಬೇಕು. ಹೀಗಾಗಿ ಆ ಹುಡುಗನ ಚಾರ್ಟಿನಲ್ಲಿ ಪ್ರತಿಭೆ, ಭವಿಷ್ಯ ಮುಂತಾದ ಒಂದು ಪದವೂ ಇರಲಿಲ್ಲ. ಇದ್ದದ್ದು ಇಷ್ಟು: ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಎಸೆದ. ಬೆಂಚು ನೋಡಿದ. ಮತ್ತೆ ಕೆಳಗೆ: ಎಡಕ್ಕೆ ನೋಡಿದ. ಎಸೆದ. ಬೆಂಚು ನೋಡಿದ. ಹೀಗೆ ನಾಲ್ಕು ಹಾಳೆ!

“ಕೈ ಒಳ್ಳೇದುಂಟು ಅವನದ್ದು,” ಎಂದರು ಒಂದು ದಿನ. “ಆದ್ರೆ ಪ್ರತಿ ಸಲ ಎಸೆದ ಮೇಲೆ ಕೋಚಿನ ಮುಖ ನೋಡ್ತಾನೆ, ಸರಿಯಾಯ್ತಾ ಅಂತ. ಅದು ಹೋಗುವವರೆಗೆ ಬೆಂಚೇ ಗತಿ.”

ಅದೇ ಕಟ್ಟಡದಲ್ಲಿದ್ದ ಒಬ್ಬ ಅಮೆರಿಕದ ತರುಣ ಲಿಫ್ಟಿನಲ್ಲಿ ಸಿಕ್ಕಿದಾಗ ಮಾವ್ಶಿ ಅವನ ಅಭಿಪ್ರಾಯ ಕೇಳಿದರು. ಆರೂವರೆ ಅಡಿಯ ಆಸಾಮಿ. ಆ ಹುಡುಗನ ತೋಳಿನಲ್ಲಿ ಅದೆಷ್ಟು ಬಲವಿದೆ ಗೊತ್ತೇ ಎಂದು ಅವನು ಹೊಗಳತೊಡಗಿದ. ಮಾವ್ಶಿ ಅವನ ಎದೆಯ ಎತ್ತರದಿಂದ ಮೇಲೆ ನೋಡುತ್ತ, ನಮಗೆ ಬೇಕಾಗಿರುವುದು ಸಾಮಾನು ಹೊರುವವನಲ್ಲ ಎಂದು ಹೇಳಿ ಇಳಿದುಹೋದರು. ಅಂದಿನಿಂದ ಅವನು ಇವರಿಗಾಗಿ ಲಿಫ್ಟಿನ ಬಾಗಿಲು ಹಿಡಿದು ನಿಲ್ಲುತ್ತಾನೆ.

ಪಂದ್ಯಗಳು ಇಲ್ಲಿಯ ಲೆಕ್ಕದಲ್ಲಿ ಹೊತ್ತಲ್ಲದ ಹೊತ್ತಿಗೆ ನಡೆಯುವುದರಿಂದ ಮಾವ್ಶಿ ಅವನ್ನು ರೆಕಾರ್ಡ್ ಮಾಡಿಟ್ಟು, ರಜೆಯ ದಿನವಾದ ಶುಕ್ರವಾರ, ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದು, ಮೀನು ಸಾರಿನ ಊಟವಾದ ಮೇಲೆ ನೋಡುತ್ತಾರೆ. ಅಲ್ಲಿಯವರೆಗೆ ಫಲಿತಾಂಶ ಅವರ ಕಿವಿಗೆ ಬೀಳಕೂಡದು. ಕೆಳಗಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯ ಮಲಯಾಳಿ ಯಜಮಾನ ಒಮ್ಮೆ ಮೊಟ್ಟೆ ಕಟ್ಟಿಕೊಡುತ್ತ, ನಿಮ್ಮ ನೀಲಿ ಅಂಗಿಯವರು ಸೋತರಂತೆ ಎಂದುಬಿಟ್ಟ. ಪಾಪ, ಪ್ರೀತಿಗೆ ಹೇಳಿದ್ದು. ಮಾವ್ಶಿ ಮೊಟ್ಟೆಯನ್ನು ಅಲ್ಲೇ ಬಿಟ್ಟು ಬಂದರು. ಮತ್ತೆ ಹನ್ನೊಂದು ದಿನ ರಸ್ತೆ ದಾಟಿ ಆಚೆ ಬದಿಯ ಅಂಗಡಿಗೆ ಹೋದರು, ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ!

ರೇಶ್ಮಾಳ ಪರಿಚಯ ಈಗ ಮಾಡಬೇಕು. ಬೆಳ್ತಂಗಡಿ ಕಡೆಯ ಹುಡುಗಿ, ಇಪ್ಪತ್ತನಾಲ್ಕು ವರ್ಷ. ಮಾವ್ಶಿಯ ಕ್ಲಿನಿಕ್ಕಿನಲ್ಲೇ ಹೊಸ ನರ್ಸ್, ಮಾವ್ಶಿಯ ಫ್ಲ್ಯಾಟಿನಲ್ಲೇ ಒಂದು ಕೋಣೆಯಲ್ಲಿ ವಾಸ. ಎಮರ್ಜೆನ್ಸಿ ಕೋಣೆಯ ಶಿಫ್ಟನ್ನು ಒಬ್ಬಳೇ ನಿಭಾಯಿಸಬಲ್ಲಳು ಎಂದು ಮಾವ್ಶಿ ತಿಂಗಳ ಕೊನೆಯೊಳಗೆ ಬರೆದುಕೊಡಬೇಕಿತ್ತು. ಕೊಡದಿದ್ದರೆ ಕೆಲಸ ಖಾಯಂ ಆಗುವುದಿಲ್ಲ, ವೀಸಾ ರದ್ದು, ಊರಿಗೆ ಟಿಕೆಟ್. ಊರಿನಲ್ಲಿ ಅವಳ ತಂಗಿಯ ಕಾಲೇಜು ಈ ಸಂಬಳದಿಂದಲೇ ನಡೆಯುತ್ತಿತ್ತು. ಮಾವ್ಶಿ ಎರಡು ತಿಂಗಳಿಂದ ಒಂದೇ ಮಾತು ಹೇಳುತ್ತಿದ್ದರು, ಇನ್ನೂ ಆಗಲಿಲ್ಲ ಎಂದು.

ಟಿವಿ ಸ್ಟ್ಯಾಂಡಿನ ರಟ್ಟಿನಲ್ಲಿ ಆ ಹುಡುಗನ ಹಾಳೆಗಳ ಅಡಿಯಲ್ಲಿ ಇನ್ನೊಂದು ಚಾರ್ಟು ಇರುವುದನ್ನು ಮೊದಲು ಕಂಡವಳು ನನ್ನ ಹೆಂಡತಿ. ಅದು ರೇಶ್ಮಾಳದು. ಸೂಜಿ ಚುಚ್ಚಿದಳು. ಸೂಜಿ ತೆಗೆದಳು. ನನ್ನನ್ನು ನೋಡಿದಳು. ಹೆಂಡತಿಗೆ ಕಸಿವಿಸಿಯಾಯಿತು. ರೇಶ್ಮಾ ನಕ್ಕಳು. ಅವಳಿಗೆ ಗೊತ್ತಿತ್ತು.

“ಅವನಿಗಿಂತ ನನ್ನದು ಒಂದು ಹಾಳೆ ಕಡಿಮೆ ಉಂಟು ಅಕ್ಕಾ,” ಎಂದಳು. “ಅವನಿಗಾದ್ರೆ ಬೆಂಚಲ್ಲಿ ಕೂತ್ರೂ ಕೋಟಿ ಸಿಗ್ತದೆ.”

ನಾನು ಮಾವ್ಶಿಯ ಹತ್ತಿರ ಶಿಫಾರಸು ಮಾಡಿ ನೋಡಿದೆ. ಪಾಪದ ಹುಡುಗಿ, ಒಂದು ಸಹಿ ಹಾಕಿದರೆ ಏನು ಹೋಗುತ್ತದೆ ಎಂದೆ.

“ಪಾಪದವಳು ಅಂತ ನನಗೂ ಗೊತ್ತುಂಟು. ನಾಳೆ ನಾನಿಲ್ಲದಾಗ ಯಾರಿಗಾದ್ರೂ ಎದೆನೋವು ಬಂದ್ರೆ ಅವಳು ಯಾರ ಮುಖ ನೋಡುದು, ಗೋಡೆಯದ್ದಾ?”

ನಾನು ಮೀನಿನ ಮುಳ್ಳು ತೆಗೆಯುವುದರಲ್ಲಿ ಮಗ್ನನಾದೆ.

ಆ ಶುಕ್ರವಾರವೂ ಹೀಗೇ ಊಟ ಮುಗಿದಿತ್ತು. ಟಿವಿಯಲ್ಲಿ ಪಂದ್ಯ ಶುರುವಾಗಿತ್ತು, ನೀಲಿ ಅಂಗಿಯ ಹುಡುಗ ಬೆಂಚಿನಲ್ಲಿದ್ದ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಟೀಪಾಯಿಯ ಮೇಲೆ ಬಟ್ಟಲಿನಲ್ಲಿ ದ್ರಾಕ್ಷಿ ಇತ್ತು. ನನ್ನ ಮಗಳು ಮಿನ್ನಿ ಅದರ ಸುತ್ತ ಕುಣಿಯುತ್ತಿದ್ದಳು. ಕುಣಿತ ನಿಂತಿತು. ನಾನು ತಿರುಗಿ ನೋಡಿದೆ. ಮಗು ಕೆಮ್ಮುತ್ತಿರಲಿಲ್ಲ. ಅಳುತ್ತಿರಲಿಲ್ಲ. ಬಾಯಿ ತೆರೆದಿತ್ತು, ಸ್ವರವೇ ಇರಲಿಲ್ಲ. ಕಣ್ಣು ನನ್ನ ಮೇಲಿತ್ತು. ಇಷ್ಟು ಬರೆಯುವಷ್ಟರಲ್ಲಿ ನಾನು ಎರಡು ಸಲ ಎದ್ದು ಹೋಗಿ ಮಲಗಿದ್ದವಳನ್ನು ನೋಡಿಬಂದೆ.

ಗಂಟಲಿಗೆ ಬೆರಳು ಹಾಕಿ ತೆಗೆಯೋಣವೆಂದು ನಾನು ಹಾರಿದೆ. ನನಗಿಂತ ಹತ್ತಿರದಲ್ಲಿದ್ದ ರೇಶ್ಮಾ ಅಷ್ಟರಲ್ಲೇ ಮಗುವನ್ನು ಎತ್ತಿಕೊಂಡಿದ್ದಳು. ಮೂವತ್ತು ವರ್ಷದ ಅನುಭವದ ಮಾವ್ಶಿ ಎರಡೇ ಹೆಜ್ಜೆ ದೂರದಲ್ಲಿದ್ದರು. ಅವರು ಬಂದರು. ಬಂದು, ಮಗುವನ್ನಲ್ಲ, ನನ್ನನ್ನು ಹಿಡಿದರು! ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮ ಇಡೀ ಮೈಯನ್ನು ನನಗೆ ಅಡ್ಡ ಇಟ್ಟು ನಿಂತರು. ನಾನು ನೂಕಿದೆ. ಅರವತ್ತರ ಹತ್ತಿರದ ಹೆಂಗಸನ್ನು ನಾನು ಬಲವಾಗಿ ನೂಕಿದೆ. ಅವರು ಅಲ್ಲಾಡಲಿಲ್ಲ.

ಅವರ ಭುಜದ ಮೇಲಿಂದ ನಾನು ನೋಡಿದ್ದು: ರೇಶ್ಮಾ ಮಗುವನ್ನು ತೊಡೆಯ ಮೇಲೆ ತಲೆ ಕೆಳಗಾಗಿ ಬೋರಲು ಹಾಕಿಕೊಂಡಳು. ಅಂಗೈಯ ಬುಡದಿಂದ ಬೆನ್ನಿನ ನಡುವೆ ಹೊಡೆದಳು. ಒಂದು, ಎರಡು, ಮೂರು, ನಾಲ್ಕು, ಐದು. ಏನೂ ಆಗಲಿಲ್ಲ. ತುಟಿ ನೀಲಿಯಾಗತೊಡಗಿತ್ತು. ಮಗುವನ್ನು ನಿಲ್ಲಿಸಿ, ಹಿಂದೆ ಮಂಡಿಯೂರಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿ ಇಟ್ಟು ಒಳಗೆ ಮತ್ತು ಮೇಲಕ್ಕೆ ಒತ್ತಿದಳು. ಒಂದು. ಎರಡು. ಮೂರನೆಯದಕ್ಕೆ ಇಡೀ ದ್ರಾಕ್ಷಿಯೊಂದು ಹಾರಿ ನೆಲಕ್ಕೆ ಬಿದ್ದು ಸೋಫಾದ ಅಡಿಗೆ ಉರುಳಿತು. ಮಿನ್ನಿ ಅತ್ತಳು. ಹುಟ್ಟಿದ ದಿನ ಅತ್ತಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಹೇಳಲು ನಾಚಿಕೆ. ಮಗಳನ್ನು ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ತೋರಿಸಿ, ಏನೂ ತೊಂದರೆಯಿಲ್ಲ ಎಂದು ಕೇಳಿಸಿಕೊಂಡು ಬಂದು, ಮಾವ್ಶಿಯ ಮೇಲೆ ರೇಗಿದೆ. ನೀವಿದ್ದೂ ಒಂದು ಚಿಕ್ಕ ಹುಡುಗಿಯ ಕೈಗೆ ನನ್ನ ಮಗಳನ್ನು ಬಿಟ್ಟಿರಿ, ಅಲ್ಲಿಯೂ ನಿಮಗೆ ಪರೀಕ್ಷೆ ನಡೆಸಬೇಕಿತ್ತೇ ಎಂದೆಲ್ಲ ಅಂದೆ.

ಮಾವ್ಶಿ ಪೂರ್ತಿ ಕೇಳಿಸಿಕೊಂಡು, ಪುತಾ, ಅಂದರೆ ಮಗನೇ, ಎಂದೇ ಕರೆದು ಹೇಳಿದರು.

“ಇಬ್ಬರು ಎಳೆದ್ರೆ ಮಗು ಯಾರ ಕೈಯಲ್ಲೂ ಇರುದಿಲ್ಲ, ಪುತಾ. ಅವಳು ಎತ್ತಿಯಾಗಿತ್ತು. ಸರಿಯಾಗಿ ಎತ್ತಿದ್ದಳು. ಒಂದು ಸಲ ನನ್ನ ಕಡೆ ನೋಡಿದ್ರೆ ನಿನ್ನನ್ನು ಬಿಟ್ಟು ನಾನು ಹೋಗ್ತಿದ್ದೆ.”

ಅವತ್ತು ಸಂಜೆ ರೇಶ್ಮಾಳ ಚಾರ್ಟಿನಲ್ಲಿ ಒಂದೇ ಸಾಲು ಸೇರಿತ್ತು: ಮಗುವನ್ನು ನೋಡಿದಳು. ಭಾನುವಾರ ಬೆಳಿಗ್ಗೆ ಮಾವ್ಶಿ ಕ್ಲಿನಿಕ್ಕಿನ ಕಾಗದಕ್ಕೆ ಸಹಿ ಹಾಕಿದರು. ರೇಶ್ಮಾ ಈಗ ಎಮರ್ಜೆನ್ಸಿಯಲ್ಲಿ ಒಬ್ಬಳೇ ಶಿಫ್ಟು ಮಾಡುತ್ತಾಳೆ. ಕಾಗದ ಕೈಗೆ ಬಂದ ದಿನ ಅಡುಗೆಮನೆಯಲ್ಲಿ ನಿಂತು ಜೋರಾಗಿ ಅತ್ತಳಂತೆ. ಮಾವ್ಶಿ ಅದನ್ನೂ ಬರೆದುಕೊಳ್ಳಲು ಹೋದರೆಂದು ನನ್ನ ಹೆಂಡತಿ ಹೇಳುತ್ತಾಳೆ, ನಾನು ನಂಬಿಲ್ಲ.

ಆ ನೀಲಿ ಅಂಗಿಯವನಿಗೂ ಅದರ ಮುಂದಿನ ಪಂದ್ಯದಲ್ಲಿ ಮೊದಲಿಂದಲೇ ಆಡುವ ಅವಕಾಶ ಸಿಕ್ಕಿತು. ಎರಡು ಸಲ ಚೆಂಡನ್ನು ನೇರ ಎದುರಾಳಿಯ ಕೈಗೇ ಎಸೆದ. ಪಂಡಿತರೆಲ್ಲ ಅವನ ಕಥೆ ಮುಗಿಯಿತು ಎಂದರು. ಮಾವ್ಶಿ ಮಾತ್ರ ಸಮಾಧಾನವಾಗಿದ್ದರು. ಎರಡನೆಯ ಸಲ ಎಸೆದ ಮೇಲೆ ಅವನು ಬೆಂಚಿನ ಕಡೆ ತಿರುಗಲಿಲ್ಲವಂತೆ. ಇನ್ನೊಂದು ವರ್ಷ ಬಿಡಿ, ಆಗುತ್ತಾನೆ ಎಂದರು.

ಇಷ್ಟಾದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಆದರೆ ಮಾವ್ಶಿ ಈಗ ಮೂರು ವಾರದಿಂದ, ಡ್ಯೂಟಿ ಮುಗಿದ ಕೂಡಲೇ, ಟ್ಯಾಕ್ಸಿ ಹಿಡಿದು ಗುದೈಬಿಯಾದ ನಮ್ಮ ಮನೆಗೆ ಬರುತ್ತಾರೆ. ಒಂದು ದಿನ ಅರ್ಧ ತೆಂಗಿನಕಾಯಿ ಕೇಳಲು, ತಮ್ಮ ಮನೆಯಲ್ಲಿ ಡಜನ್‌ಗಟ್ಟಲೆ ಕಾಯಿ ತಂದಿಡುವವರು! ಇನ್ನೊಂದು ದಿನ ನಮ್ಮದಲ್ಲದ ಒಂದು ಡಬ್ಬಿಯನ್ನು ನಮಗೆ ಹಿಂದಿರುಗಿಸಲು. ಬಂದವರು ಮಿನ್ನಿಯನ್ನು ಮಡಿಲಿಗೆ ಎಳೆದುಕೊಂಡು, ಬೆನ್ನಿಗೆ ಏನೋ ಅಂಟಿದೆ ಎನ್ನುತ್ತ, ಅಲ್ಲಿ ಕಿವಿ ಇಡುತ್ತಾರೆ. ಚೀಲದಲ್ಲಿ ಸ್ಟೆತಸ್ಕೋಪು ಇರುತ್ತದೆ, ತೆಗೆಯುವುದಿಲ್ಲ. ಬರೀ ಕಿವಿ. ಕಣ್ಣು ಮುಚ್ಚಿ.

ನಿನ್ನೆ ನಾನು ಚಹಾ ಹಿಡಿದು ಅಲ್ಲೇ ನಿಂತಿದ್ದೆ. ಅವರು ಕಣ್ಣು ತೆರೆಯಲಿಲ್ಲ.

“ದ್ರಾಕ್ಷಿ ಇಟ್ಟದ್ದು ನಾನು, ಪುತಾ,” ಎಂದರು. “ಅರ್ಧ ಮಾಡಿ ಕೊಡ್ಬೇಕು ಅಂತ ಎಷ್ಟು ಅಮ್ಮಂದಿರಿಗೆ ಹೇಳಿದ್ದೇನೆ. ನಾನೇ ಇಡೀ ಇಟ್ಟೆ.”

ನಾನು ಚಹಾವನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತೆ. ಮಾವ್ಶಿ ಕಿವಿಯನ್ನು ಸ್ವಲ್ಪ ಬದಿಗೆ ಸರಿಸಿ ಇಟ್ಟು, ಇನ್ನೊಂದು ಸಲ ಉಸಿರು ತೆಗೆದುಕೋ ಎಂದು ಮಗುವಿಗೆ ಹೇಳಿದರು. ಮಿನ್ನಿಗೆ ಇದೊಂದು ಆಟ. ಅವಳು ಭುಜವೆಲ್ಲ ಮೇಲೆತ್ತಿ, ಕೆನ್ನೆ ಉಬ್ಬಿಸಿ, ಕೋಣೆಯ ಗಾಳಿಯನ್ನೆಲ್ಲ ಒಳಗೆ ಎಳೆದುಕೊಂಡಳು.