ಮೆಂಬರ್ ಹಾಕಿಸಿದ ಹಂಪು, ಡ್ರೈವರ್ ಬಡಿದ ಹುರುಳಿ

ಬೇರೆಯವರು ಒಳ್ಳೆಯ ಕೆಲಸ ಮಾಡಿದರೆ ಊರು ಹಾರ ಹಾಕುತ್ತದೆ, ನಾನು ಮಾಡಿದರೆ ಮಾತ್ರ ಅದು ಎಲ್ಲಿಂದಲೋ ತಿರುಗಿ ಬಂದು ನನ್ನ ಬೆನ್ನಿಗೇ ಗುದ್ದುತ್ತದೆ. ಕನಕಪುರದಲ್ಲಿ ಪುರಸಭೆ ಮೆಂಬರಾಗಿದ್ದಷ್ಟು ಕಾಲವೂ ಈ ಗುದ್ದು ತಿಂದೇ ಬದುಕಿದೆ. ನನ್ನಂಥ ಮೆಂಬರ್ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ.

ಹಾರೋಹಳ್ಳಿಯಲ್ಲಿ ಆಗ ಮಳೆಗೆ ಅಣಬೆ ಎದ್ದ ಹಾಗೆ ಫ್ಯಾಕ್ಟರಿಗಳು ಏಳುತ್ತಿದ್ದವು. ಊರಂಚಿನ ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲ ಅಲ್ಲಿಯ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದರು, ನನ್ನ ಹೆಂಡತಿಯೂ ಸೇರಿ. ಫ್ಯಾಕ್ಟರಿ ಬಸ್ಸು ಮೇನ್ ರೋಡಿನಲ್ಲೇ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಮನೆಯವರೆಗೆ ಕೆಸರು, ಮುಳ್ಳು, ನಾಯಿ. ಒಂದು ಸಂಜೆ ನನ್ನವಳು ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದಳು. ಚಪ್ಪಲಿ ಕೈಯಲ್ಲಿದ್ದುದರಿಂದ ನಾನು ಎದ್ದು ನಿಂತು ಕೇಳಿಸಿಕೊಂಡೆ.

"ನೋಡಿ, ಬಸ್ನ ನಮ್ಮ ಬೀದಿ ಒಳಕ್ಕೆ ಯಾರು ತತ್ತಾರೋ, ಮುಂದಿನ್ ಸಲ ನನ್ನ ಓಟು ಅವ್ರಿಗೆ."

ಯಾರು ಅಂದರೆ ನಾನೇ ಎಂದುಕೊಂಡೆ. ಬೇರೆ ಯಾರಿದ್ದರು?

೧. ಹೆಸರಿನ ಕಲ್ಲು

ಹೆಂಡತಿಯ ಓಟೇ ಬೀಳದ ಮೆಂಬರ್ ಅನ್ನಿಸಿಕೊಂಡು ಊರಲ್ಲಿ ತಲೆ ಎತ್ತುವುದು ಹೇಗೆ? ಆಫೀಸಿನ ಮೆಟ್ಟಿಲು ಸವೆಯುವಷ್ಟು ತಿರುಗಿ ಬೀದಿಗೆ ಡಾಂಬರು ಹಾಕಿಸಿದೆ. ಎಂಥ ರೋಡು ಅಂತೀರಿ, ತುಂಬಿದ ಕಾಫಿ ಲೋಟ ತಲೆಯ ಮೇಲಿಟ್ಟುಕೊಂಡು ಸೈಕಲ್ ಹೊಡೆದರೂ ತೊಟ್ಟು ಚೆಲ್ಲುತ್ತಿರಲಿಲ್ಲ. ಬೀದಿಯ ಬಾಯಲ್ಲಿ ಒಂದು ಕಲ್ಲು ನೆಡಿಸಿ, ನನ್ನ ಹೆಸರನ್ನು ಆನೆಗೂ ಕಾಣುವ ಹಾಗೆ ಕೆತ್ತಿಸಿದೆ.

ವಾರ ಕಳೆಯುವುದರೊಳಗೆ ಕಲ್ಲು ಮಾಯ. ಹುಡುಕಿದರೆ ಮೂಲೆಮನೆಯ ಹಿತ್ತಲಿನ ನಲ್ಲಿಯ ಹತ್ತಿರ ಮಲಗಿತ್ತು. ಆ ಮನೆಯ ಅಜ್ಜಿ ನನ್ನ ಹೆಸರಿನ ಮೇಲೆ ಮಗನ ಲುಂಗಿ ಬಡಿಯುತ್ತಿದ್ದಳು.

"ಅಜ್ಜಿ, ಅದು ನನ್ನ ಹೆಸರು."

"ಗೊತ್ತು ಕಣಪ್ಪ. ನಮ್ಮ ಹಳೇ ಕಲ್ಲು ನುಣ್ಣಗಾಗಿ ಜಾರ್ತಿತ್ತು. ಇದ್ರಲ್ಲಿ ಅಕ್ಸರ ಐತಲ್ಲ, ಕೊಳೆ ಚೆಂದಾಗಿ ಬುಡ್ತದೆ."

"ಎತ್ತಿಸಿಕೊಂಡು ಹೋಗ್ತೀನಿ, ಮತ್ತೆ ನೆಡಿಸಬೇಕು."

"ತಗೊಂಡೋಗು, ಬ್ಯಾಡ ಅನ್ನಲ್ಲ. ನಿನ್ನ ಹೆಂಡ್ರೂ ದಿನಾ ಇದ್ರಲ್ಲೇ ಒಗೆಯೋದು, ಅವಳ್ನ ಒಂದ್ ಮಾತು ಕೇಳ್ಬುಡು."

ಕಲ್ಲು ಅಲ್ಲೇ ಉಳಿಯಿತು.

೨. ಹಂಪು

ರೋಡಾದ ಮೇಲೆ ಬಸ್ಸು ಒಳಗೆ ಬಂತು. ನನ್ನವಳು ಕೇಳದೆಯೇ ಕಾಫಿ ಕೊಟ್ಟಳು. ಆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅಜ್ಜಿಯ ಮಗ ಬಾಗಿಲಿಗೆ ಬಂದ.

"ಮೆಂಬ್ರೇ, ರೋಡು ಶಾನೆ ನುಣ್ಣಗಾಗೋಯ್ತು. ಬಸ್ಸು ರಾಕೆಟ್ ಬಂದಂಗೆ ಬತ್ತೈತೆ. ನಮ್ಮ ಕೋಳಿಗೋಸ್ಕರ ಮನೆ ಮುಂದೆ ಒಂದು ಹಂಪ್ ಹಾಕ್ಸಿ."

ಹಾಕಿಸಿದೆ. ಪಕ್ಕದ ಮನೆಯವನು ಬಂದ. "ಅವ್ರ ಕೋಳಿಗೆ ಹಂಪು, ನಮ್ಮ ಎಮ್ಮೆ ಕರು ಏನ್ ಪಾಪ ಮಾಡಿತ್ತು?" ಅಲ್ಲೂ ಹಾಕಿಸಿದೆ. ಅದರಾಚೆಯವನ ಮನೆಯಲ್ಲಿ ಕೋಳಿಯೂ ಇಲ್ಲ, ಕರುವೂ ಇಲ್ಲ. "ನಮ್ಮನೆ ಮುಂದೆ ಮಾತ್ರ ಇಲ್ಲ ಅಂದ್ರೆ ನೆಂಟರು ಏನಂದ್ಕತ್ತಾರೆ" ಅಂದ. ಹೀಗೆ ಮನೆಗೊಂದು ಹಂಪಾಯಿತು. ಮೇಲಿಂದ ನೋಡಿದವರಿಗೆ ನಮ್ಮ ಬೀದಿ ಒಣಹಾಕಿದ ಹಪ್ಪಳದ ಹಾಗೆ ಕಾಣುತ್ತಿತ್ತು.

ಬಸ್ ಡ್ರೈವರ್ ನಮ್ಮೂರಿನವನೇ, ಸಾಧು ಮನುಷ್ಯ. ಅವನೂ ಒಂದು ದಿನ ಕೈಮುಗಿದ.

"ಸಾ, ನಾನು ಓಡ್ಸೋದು ಬಸ್ಸೋ ತೆಪ್ಪವೋ ಗೊತ್ತಾಯ್ತಿಲ್ಲ. ಹಿಂದಿನ್ ಸೀಟಿನೋರು ಡಬ್ಬಿ ತೆಗುದ್ರೆ ಅನ್ನ ಸಾರು ಕಲಸ್ಕೊಂಡೇ ಇರ್ತದಂತೆ. ನಾಳೆಯಿಂದ ಮೇನ್ ರೋಡಲ್ಲೇ ನಿಲ್ಲುಸ್ತೀನಿ."

ಮಾರನೆಯ ಸಂಜೆ ನನ್ನವಳು ನಡೆದು ಬಂದಳು. ಈ ಸಲ ಚಪ್ಪಲಿ ಕಿತ್ತಿರಲಿಲ್ಲ. ಆದರೂ ಕೈಯಲ್ಲಿ ಹಿಡಿದುಕೊಂಡೇ ಬಂದಳು.

೩. ಹುರುಳಿ

ಹಂಪು ಒಡೆಸೋಣ ಅಂತ ಮನೆಮನೆಗೆ ಹೋದೆ. ಎಲ್ಲರದ್ದೂ ಒಂದೇ ಮಾತು: "ಒಡೀರಿ ಮೆಂಬ್ರೇ, ಮೊದ್ಲು ಪಕ್ಕದ್ಮನೇದು ಒಡೀರಿ."

ಅಷ್ಟರಲ್ಲಿ ಹುರುಳಿ ಕೊಯ್ಲು ಬಂತು. ಬೀದಿಯಾಚೆ ಹೊಲಗಳು ಇನ್ನೂ ಇದ್ದವು, ಕಣ ಮಾತ್ರ ಇರಲಿಲ್ಲ, ಎಲ್ಲ ಸೈಟಾಗಿತ್ತು. ಹಾಗಾಗಿ ಹುರುಳಿ ಗಿಡವನ್ನೆಲ್ಲ ತಂದು ನನ್ನ ರೋಡಿಗೆ ಹರಡಿದರು, ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು. ಹಂಪಿನ ಮೇಲೆ ಆಟೋಗಳು ಬಸುರಿಯ ಹಾಗೆ ನಡೆದುಹೋದವು. ಒಂದು ಕಾಳೂ ಬಿಡಲಿಲ್ಲ.

ಅಜ್ಜಿಯ ಮಗ ಮತ್ತೆ ಬಂದ. "ಇದೆಂಥ ರೋಡ್ ಮಾಡ್ಸಿದ್ದೀರಿ ಮೆಂಬ್ರೇ, ಹುರುಳಿ ಬಡಿಯೋ ಯೋಗ್ತೆ ಇಲ್ಲ."

"ಹಂಪ್ ಕೇಳಿದವನು ನೀನೇ ಕಣಯ್ಯ."

"ಕೇಳ್ದೋರಿಗೆಲ್ಲ ಕೊಟ್ಬುಡಾದಾ? ಮೆಂಬರಾದೋರು ಒಸಿ ಯೋಚ್ನೆ ಮಾಡ್ಬೇಕಪ್ಪ."

ಬೆಳಗಾಗುವುದರೊಳಗೆ ಹಾರೆ, ಪಿಕಾಸಿ ಹಿಡಿದು ಒಂದು ಹಂಪೂ ಉಳಿಯದ ಹಾಗೆ ಅವರೇ ಒಡೆದಿದ್ದರು. ಆಟೋ ತೂಕ ಸಾಲದು, ಬಸ್ಸೇ ಬೇಕು ಅಂತ ಮೇನ್ ರೋಡಿಗೆ ಹೋಗಿ ಡ್ರೈವರನ್ನು ಮದುಮಗನ ಹಾಗೆ ಕರೆತಂದರು. ಬಸ್ಸು ಹುರುಳಿಯ ಮೇಲೆ ಹೋಯಿತು. "ಒಸಿ ರಿವರ್ಸ್ ತಗೊಳ್ಳಪ್ಪ, ಈ ಅಂಚಿಂದು ಬುಟ್ಟಿಲ್ಲ." ಹಿಂದೆ ಬಂತು. "ಇನ್ನೊಂದ್ಸಲ ಮುಂದಕ್ಕೋಗು." ಒಳಗೆ ಹೆಣ್ಣುಮಕ್ಕಳು ಡಬ್ಬಿ ತಬ್ಬಿಕೊಂಡು ಹಿಂದಕ್ಕೂ ಮುಂದಕ್ಕೂ ಹೋಗಿ ಬಂದರು. ಯಾಕೆ ತಡ ಅಂತ ಫ್ಯಾಕ್ಟರಿ ಗೇಟಿನಲ್ಲಿ ಕೇಳಿದ್ದಕ್ಕೆ ನನ್ನವಳು "ಬಸ್ಸಲ್ಲಿ ಹುರುಳಿ ಬಡೀತಿದ್ವಿ ಸಾರ್" ಅಂದಳಂತೆ. ಇಂಥ ಸುಳ್ಳು ಯಾರೂ ಹೇಳಲಾರರು ಅಂತ ಒಳಗೆ ಬಿಟ್ಟರಂತೆ.

ಕೊಯ್ಲು ಮುಗಿಯಿತು, ಬಸ್ಸು ಬರುವುದು ನಿಲ್ಲಲಿಲ್ಲ. ಬಸ್ಸು ಬಡಿದ ಹುರುಳಿಯಲ್ಲಿ ಅಜ್ಜಿ ಮಾಡಿದ ಬಸ್ಸಾರಿಗೆ ಡ್ರೈವರ್ ಸೋತುಹೋಗಿದ್ದ. ನಾನು ಎದೆಯುಬ್ಬಿಸಿಕೊಂಡು ಹೆಂಡತಿಯನ್ನು ಕೇಳಿದೆ.

"ಬಸ್ಸು ಮನೆಬಾಗಿಲಿಗೇ ಬರ್ತಾ ಐತೆ. ಇನ್ನು ನಿನ್ನ ಓಟು?"

"ಒಳಕ್ಕೆ ತಂದೋರ್ಗೆ ಅಂದಿದ್ನಲ್ಲ. ಈ ಸಲ ಎಲೆಕ್ಸನ್ಗೆ ಡ್ರೈವರ್ ನಿಲ್ತಾನಂತೆ. ಬೀದಿಯೋರೆಲ್ಲ ಒಪ್ಪವ್ರೆ."

ನಾನು ಜಗಲಿಗೆ ಬಂದು ಕೂತೆ. ಬಟ್ಟೆ ಗಂಟು ಹೊತ್ತು ಹೋಗುತ್ತಿದ್ದ ಅಜ್ಜಿ ನನ್ನ ಮುಖ ನೋಡಿ ನಿಂತಳು.

"ಬೇಜಾರ್ ಮಾಡ್ಕಬ್ಯಾಡ ಮೆಂಬ್ರಪ್ಪ. ನಿನ್ನ ಕಲ್ಲು ಎಲ್ಲೂ ಹೋಗಾಕಿಲ್ಲ. ತಿರುಗ್ಸಾಕಿ ಆ ಮಗ್ಗುಲಿಗೆ ಡ್ರೈವರ್ ಹೆಸ್ರು ಕೆತ್ತುಸ್ತೀವಿ. ನಿನ್ ಕಡೇದು ಆಗ್ಲೇ ಸವ್ದೋಗೈತೆ, ಕೊಳೆ ಬುಡ್ತಿಲ್ಲ."