ವಿಕ್ರೋಳಿಯಲ್ಲೊಂದು ಮರುಭೂಮಿ

ನಮ್ಮ ಮನೆತನಕ್ಕೆ ಡಿಗ್ರಿ ಬರುವುದು ಸಾಧ್ಯವೇ ಇಲ್ಲ ಎಂದು ಅಧಿಕೃತವಾಗಿ ಘೋಷಿಸಿದವರು ನಮ್ಮ ದೊಡ್ಡಪ್ಪ. ವಿಜಯಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದು, ಅರ್ಧ ಮುಂಬೈ ಕಟ್ಟಿದವನು ನಾನೇ ಎನ್ನುವ ಮನುಷ್ಯ. ಉಳಿದರ್ಧ ಕಟ್ಟಿದವರಿಗೆ ಕೆಲಸವೇ ಬರುವುದಿಲ್ಲ ಎಂಬುದು ಅವರ ಅಭಿಪ್ರಾಯ.

“ತಮ್ಮಾ, ನಮ್ಮ ಮಂದಿ ಕಾಲೇಜ್ ಕಟ್ಟತಾರ, ಕಾಲೇಜ್ ಕಲಿಯಾಂಗಿಲ್ಲ. ನಮ್ಮ ಮನಿಗೆ ಡಿಗ್ರಿ ಬರಾಂಗಿಲ್ಲ. ಬರಕೊಂಡಿಡು!”

ಬರೆದುಕೊಳ್ಳಲಿಕ್ಕಾದರೂ ಮನೆಯಲ್ಲಿ ನನಗೊಬ್ಬನಿಗೇ ಬರುತ್ತಿತ್ತು. ಅದೇ ನನ್ನ ಹೆಮ್ಮೆ.

ವಿಕ್ರೋಳಿಯ ಚಾಳಿನಲ್ಲಿ ಮನೆ, ಹಗಲು ಪರೇಲಿನ ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್ ಕೆಲಸ, ಹೋಗುತ್ತ ಬರುತ್ತ ಲೋಕಲ್‌ನಲ್ಲಿ ಒಂಟಿಕಾಲಿನ ಮೇಲೆ ನಿಂತು ಓದು. ಹೀಗೆ ಆರು ವರ್ಷ ತಪಸ್ಸು ಮಾಡಿ ಬಿ.ಎ. ಭೂಗೋಳದ ಕೊನೆಯ ಮೆಟ್ಟಿಲಿಗೆ ಬಂದೆ. ಉಳಿದದ್ದು ಒಂದೇ ಪ್ರಾಜೆಕ್ಟ್. ಅದು ಪಾಸಾಗದಿದ್ದರೆ ದೊಡ್ಡಪ್ಪನ ಮಾತೇ ಖರೆ! ವಿಷಯಗಳ ಪಟ್ಟಿಯಲ್ಲಿ ‘ಮರುಭೂಮಿಯ ಗುಹೆಗಳಲ್ಲಿ ಉಪ್ಪಿನ ಹರಳು ಬೆಳೆಯುವ ಬಗೆ’ ಎಂಬುದು ಕಣ್ಣಿಗೆ ಬಿತ್ತು. ಉಪ್ಪು ತಾನೆ! ಹುಟ್ಟಿದಾಗಿನಿಂದ ತಿನ್ನುತ್ತಿದ್ದೇನೆ. ಸಹಿ ಹಾಕಿದೆ.

‘ಹರಳು ಬೆಳೆಯುವುದನ್ನು ಕಣ್ಣಾರೆ ತೋರಿಸತಕ್ಕದ್ದು’ ಎಂಬ ಸಾಲು ಹಾಳೆಯ ಹಿಂಬದಿಗಿತ್ತು.

ಇರಲಿ, ಶಾಸ್ತ್ರ ಸರಳ. ಎಂದೋ ಬಿದ್ದ ಮಳೆನೀರು ಬಂಡೆಯೊಳಗಿನ ಉಪ್ಪನ್ನು ಕರಗಿಸಿಕೊಂಡು ಗುಹೆಯ ಚಾವಣಿಗೆ ಇಳಿಯುತ್ತದೆ. ಒಣಗಾಳಿ ನೀರನ್ನು ಹೊತ್ತೊಯ್ಯುತ್ತದೆ. ಉಪ್ಪು ಅಲ್ಲೇ ಹರಳುಗಟ್ಟಿ ಜೋತುಬೀಳುತ್ತದೆ. ನೀರು ಇತ್ತು, ಉಪ್ಪು ಇತ್ತು. ಒಣಗಾಳಿ? ಜುಲೈ ತಿಂಗಳ ಮುಂಬೈಯಲ್ಲಿ!

ಚಪ್ಪಲಿ ಡಬ್ಬಿಗೆ ಮಣ್ಣು ಮೆತ್ತಿ ಗುಹೆ ಮಾಡಿದೆ. ಒಳಗೆ ಉಪ್ಪುನೀರಲ್ಲಿ ಅದ್ದಿದ ದಾರ ಇಳಿಬಿಟ್ಟು ಅಡಿಗೆಮನೆಯ ಹಲಗೆಯ ಮೇಲಿಟ್ಟೆ. ಎಂಟು ದಿನವಾದರೂ ಹರಳಿಲ್ಲ. ಒಂಬತ್ತನೆಯ ದಿನ ಹೆಂಡತಿ ಮಹಾದೇವಿಯ ಕೂಗು ಬಂತು.

“ರೀ, ನಿಮ್ಮ ಮರುಭೂಮಿ ಸೋರಾಕತ್ತೈತಿ! ನನ್ನ ಜ್ವಾಳದ ಹಿಟ್ಟಿನ ಡಬ್ಬ್ಯಾಗ!”

ಗಾಳಿಯ ನೀರನ್ನೆಲ್ಲ ಹೀರಿಕೊಂಡ ಉಪ್ಪು ತಾನೇ ಕರಗಿ ಹರಿಯುತ್ತಿತ್ತು. ಆ ವಾರ ನಾವು ರೊಟ್ಟಿಗೆ ಉಪ್ಪು ಹಾಕಿಕೊಳ್ಳಲಿಲ್ಲ.

ನಾನು ಸೋಲುವವನಲ್ಲ. ಬಿಸಿ ಇದ್ದಲ್ಲಿ ಒಣಗಾಳಿ ಇರುತ್ತದೆ ಎಂಬ ಶಾಸ್ತ್ರೀಯ ತೀರ್ಮಾನಕ್ಕೆ ಬಂದು, ಎರಡನೆಯ ಗುಹೆಯನ್ನು ಎದೆಗವಚಿಕೊಂಡು ಲೋಕಲ್ ಹತ್ತಿದೆ. ದಾದರಿನ ಹೋಟೆಲೊಂದರಲ್ಲಿ ಉಡುಪಿ ಕಡೆಯ ಭಟ್ಟರು ನನಗೆ ಪರಿಚಯ. ಒಲೆಯ ಮೇಲಿನ ಅಟ್ಟದಲ್ಲಿ ಗುಹೆ ಇಡಲು ಒಪ್ಪಿದರು. ಮೂರನೆಯ ದಿನ ಫೋನು.

“ಮಾರಾಯಾ, ನಿನ್ನ ಗುಹೆ ಚಟ್ನಿಗೆ ಬಿತ್ತು! ಗಿರಾಕಿಗಳೆಲ್ಲ ನೀರು ನೀರು ಅಂತಿದ್ದಾರೆ. ಬೇಗ ಬಂದು ತೆಗೊಂಡು ಹೋಗು!”

ಅಟ್ಟದ ಕೆಳಗೆ ಚಟ್ನಿಯ ಪಕ್ಕದಲ್ಲಿದ್ದದ್ದು ಇಡ್ಲಿ ಪಾತ್ರೆ. ಅದರಿಂದ ಬರುವುದು ಡಬ್ಬಿಯನ್ನೇ ನೆನೆಸುವ ಹಬೆ ಎಂಬುದು ಭೂಗೋಳದ ವಿದ್ಯಾರ್ಥಿಗೆ ಹೊಳೆದಿರಲಿಲ್ಲ!

ಜನವರಿ ಬಂತು. ಕೊನೆಯ ದಿನ ಹತ್ತಿರವಾಯಿತು. ಒಂದು ಬೆಳಿಗ್ಗೆ ಮಹಾದೇವಿ ಟ್ರಂಕು ಎಳೆದವಳೇ ಬೈಯತೊಡಗಿದಳು.

“ಉಪ್ಪು ಬೆಳಸ್ತೀನಿ ಅಂತ ಊರೆಲ್ಲಾ ತಿರಗ್ಯಾಡ್ರಿ. ಇಲ್ಲಿ ಗ್ವಾಡಿ ತುಂಬ ಉಪ್ಪು ಬೆಳದು ನನ್ನ ಸೀರಿ ಹಾಳಾತು!”

ಬಗ್ಗಿ ನೋಡಿದೆ. ನಮ್ಮ ಚಾಳಿನ ಹಳೆಯ ಗೋಡೆಯ ಮೇಲೆ ಬಿಳಿ ಸೂಜಿಗಳು, ಬಿಳಿ ಹೂಗಳು! ಅಡಿಗೆ ಉಪ್ಪಲ್ಲ, ಗೋಡೆಯದೇ ಉಪ್ಪು. ಆದರೆ ಬೆಳೆದದ್ದು ಗುಹೆಯ ರೀತಿಯಲ್ಲೇ. ಪ್ರಾಜೆಕ್ಟಿನ ಸರ್‌ಗೆ ಫೋನು ಮಾಡಿದೆ. ಭಾನುವಾರ ತಾವೇ ಬಂದು ನೋಡುವುದಾಗಿ ಹೇಳಿದರು. “ಸರ್ ನಮ್ಮ ಗ್ವಾಡಿ ನೋಡಾಕ ಬರ್ತಾರ” ಎಂದು ಚಾಳಿಗೆಲ್ಲ ಸಾರಿಕೊಂಡು ಬಂದೆ.

ಅದೇ ತಪ್ಪಾಯಿತು.

ಶನಿವಾರ ಡ್ಯೂಟಿ ಮುಗಿಸಿ ಬಂದರೆ, ಸುದ್ದಿ ಕೇಳಿ ಬಂದ ದೊಡ್ಡಪ್ಪ ಕರಣಿ ಹಿಡಿದು ನಿಂತಿದ್ದರು. ಉಪ್ಪೆಲ್ಲ ಕೆರೆದು ತೆಗೆದು, ಗೋಡೆಗೆ ನುಣ್ಣಗೆ ಹೊಸ ಪ್ಲಾಸ್ಟರ್!

“ಸಾಹೇಬರು ಬರೋ ಮನಿ. ಉಪ್ಪು ಹತ್ತಿದ ಗ್ವಾಡಿ ತೋರಸ್ತಿ ಏನೋ? ಗೌಂಡಿ ಮನತಾನದ ಮರ್ಯಾದಿ ಏನಾಗಬೇಕು? ಏಳು ಜನ್ಮ ಈ ಗ್ವಾಡಿಗೆ ಉಪ್ಪು ಬರಾಂಗಿಲ್ಲ. ಗ್ಯಾರಂಟಿ!”

“ದೊಡ್ಡಪ್ಪಾ, ನೀ ಕೆರದು ಚೆಲ್ಲಿದ್ದು ನನ್ನ ಡಿಗ್ರಿ!”

ಅವರ ಕೈಯಿಂದ ಕರಣಿ ಜಾರಿತು.

ಭಾನುವಾರ ಸರ್ ಬಂದು ಹಸಿ ಗೋಡೆ ನೋಡಿದರು. ನನ್ನನ್ನು ನೋಡಿದರು. ನಾನು ನಲವತ್ತು ಪುಟದ ವರದಿಯನ್ನು ಅವರ ಮುಂದೆ ಹಿಡಿದೆ. ದೊಡ್ಡಪ್ಪನೇ ಮುಂದೆ ಬಂದು, ತಮ್ಮ ಅರೆಬರೆ ಮರಾಠಿಯಲ್ಲಿ ತಪ್ಪೊಪ್ಪಿಕೊಂಡರು. ಗೋಡೆ ಬುಡದಿಂದ ನೀರು ಕುಡಿಯುತ್ತದೆ, ನೀರಿನ ಜೊತೆ ಉಪ್ಪು ಏರುತ್ತದೆ, ನೀರು ಗಾಳಿಗೆ ಹೋಗುತ್ತದೆ, ಉಪ್ಪು ಹೊರಗೆ ಹೂ ಬಿಡುತ್ತದೆ ಎಂದು ಕೈ ಆಡಿಸಿ ವಿವರಿಸಿದರು. ನನ್ನ ನಲವತ್ತು ಪುಟ ನಾಲ್ಕು ಮಾತಿನಲ್ಲಿ ಮುಗಿಯಿತು! ಸರ್ ನಕ್ಕು ಹದಿನೈದು ದಿನ ಅವಕಾಶ ಕೊಟ್ಟರು. ಅಷ್ಟರಲ್ಲಿ ಉಪ್ಪು ಬಂದರೆ ಪಾಸು, ಬರದಿದ್ದರೆ ಮುಂದಿನ ವರ್ಷ.

ಅಂದಿನಿಂದ ಮನೆಯ ಏಕೈಕ ಫ್ಯಾನು ಗೋಡೆಗೆ ಮೀಸಲಾಯಿತು. ನಾವು ಬೆವರುತ್ತ ಕೂತೆವು. ದಿನಾ ಬೆಳಿಗ್ಗೆ ದೊಡ್ಡಪ್ಪ ಬಂದು ಗೋಡೆಗೆ ಮೂಗು ಹಚ್ಚಿ ನೋಡುವರು.

“ಹುಟ್ಟಿದಾಗಿನಿಂದ ಇದ ಮೊದಲನೇ ಸಲ ನೋಡವಾ ಮಾದೇವಿ, ನನ್ನ ಕೆಲಸ ಕೆಡಲಿ ಅಂತ ದೇವರಿಗೆ ಕೈ ಮುಗಿಯಾಕತ್ತೀನಿ.”

“ಮಾವಾರ, ನಿಮ್ಮ ಕೆಲಸ ಕೆಡಾಕ ದೇವರ ಯಾಕ ಬೇಕ್ರಿ?” ಎಂದಳು ಮಹಾದೇವಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ.

ಹನ್ನೆರಡನೆಯ ದಿನ ಪ್ಲಾಸ್ಟರಿನ ಮೇಲ್ಭಾಗ ಒಣಗಿತು. ಒಣಗಿದ ಅಂಚಿನುದ್ದಕ್ಕೂ ಉಪ್ಪು ಮೊದಲಿಗಿಂತ ದಟ್ಟವಾಗಿ ಹೂ ಬಿಟ್ಟಿತ್ತು! ದೊಡ್ಡಪ್ಪ ಚಾಳಿಗೆಲ್ಲ ಕೇಳುವಂತೆ ಕೂಗಿದರು: “ಕೆಟ್ಟೈತಿ! ನನ್ನ ಕೆಲಸ ಕೆಟ್ಟೈತಿ!”

ಸರ್ ಬಂದರು, ನೋಡಿದರು, ಪಾಸು ಮಾಡಿದರು.

ಸರ್ಟಿಫಿಕೇಟು ಕೈಗೆ ಬಂದ ದಿನ ನೇರ ದೊಡ್ಡಪ್ಪನ ಬಳಿ ಹೋಗಿ, ಎದೆಯುಬ್ಬಿಸಿ ಮುಂದೆ ಹಿಡಿದೆ. ಅವರು ಕೈಯನ್ನು ಎರಡೆರಡು ಸಲ ಧೋತರಕ್ಕೆ ಒರೆಸಿಕೊಂಡು ತೆಗೆದುಕೊಂಡರು. ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದರು. ಕಣ್ಣು ತೇವವಾಗಿತ್ತು. ಈಗ ಹೊಗಳುತ್ತಾರೆಂದು ನಾನು ತಲೆ ತಗ್ಗಿಸಿ ಸಿದ್ಧನಾದೆ.

“ಗ್ವಾಡಿಗೆ ಉಪ್ಪು ಬರಾಂಗಿಲ್ಲ ಅಂದೆ, ಬಂತು. ಮನಿಗೆ ಡಿಗ್ರಿ ಬರಾಂಗಿಲ್ಲ ಅಂದೆ, ಬಂತು. ಇನ್ನ ಮ್ಯಾಲ ನಾ ಗ್ಯಾರಂಟಿ ಕೊಡಾಂಗಿಲ್ಲೋ ತಮ್ಮಾ. ಆದ್ರ ಒಂದ ಮಾತ ಕೇಳು. ಇದನ್ನ ಆ ಗ್ವಾಡಿಗೆ ಮಾತ್ರ ತೂಗ ಹಾಕಬ್ಯಾಡ!”