ಅಮೆರಿಕದ ಸಂವಿಧಾನಕ್ಕೆ ಕರಿಬೇವಿನ ಕೊಸರು

ನಾನು ಅಮೆರಿಕ ನೋಡಿದವಳಲ್ಲ. ಆದರೆ ಅದರ ಸಂವಿಧಾನವನ್ನು ಪಾಠ ಮಾಡಿದ ತಪ್ಪಿಗೆ, ಆಂಧ್ರದಲ್ಲಿದ್ದಷ್ಟು ಕಾಲವೂ ಅದು ನನ್ನ ಬೆನ್ನು ಬಿಡಲಿಲ್ಲ.

೧. ಕೊಸರು

ಎಂಬತ್ತರ ದಶಕದಲ್ಲಿ, ಬ್ಯಾಂಕಿನಲ್ಲಿದ್ದ ನಮ್ಮ ಯಜಮಾನರಿಗೆ ಮೈಸೂರಿನಿಂದ ವಿಜಯವಾಡಕ್ಕೆ ವರ್ಗವಾಯಿತು. ಪಟಮಟ ಬಡಾವಣೆಯಲ್ಲಿ ಬಾಡಿಗೆಗೆ ಮನೆ ಮಾಡಿದೆವು. ನನಗೂ ಅಲ್ಲೊಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಪಾಠ ತೆಲುಗಿನಲ್ಲಿ. ನನ್ನ ತೆಲುಗೋ, ಬಾಗಿಲಿಗೆ ಬರುವ ತರಕಾರಿಯಾಕೆಯ ಜತೆ ಚೌಕಾಸಿ ಮಾಡಿ ಕಲಿತದ್ದು.

ಅಮೆರಿಕದ ಸಂವಿಧಾನ ಬರೆದು ಮುಗಿದರೂ ಅಲ್ಲಿನ ಕೆಲವು ರಾಜ್ಯಗಳು ಒಪ್ಪಲು ಹಿಂದೇಟು ಹಾಕಿದವು, ಪ್ರಜೆಗಳ ಹಕ್ಕುಗಳನ್ನೂ ಸೇರಿಸುತ್ತೇವೆಂದ ಮೇಲೆ ಒಪ್ಪಿದವು ಎಂದು ನಾನು ಹೇಳಬೇಕಿತ್ತು. ಪುಸ್ತಕದ ತೆಲುಗು ನಾಲಿಗೆಗೆ ಬರಲಿಲ್ಲ. ತೂಕ ಸರಿಯಿದ್ದರೂ ಕರಿಬೇವಿನ ಕೊಸರು ಹಾಕದೆ ಚೀಲ ಎತ್ತುವುದಿಲ್ಲ ಎಂದು ಕೂತವು ಎಂದುಬಿಟ್ಟೆ. ಕೊಸರು ಎರಡೂ ಭಾಷೆಯಲ್ಲಿ ಕೊಸರೇ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಒಬ್ಬರೂ ತಪ್ಪು ಬರೆಯಲಿಲ್ಲ.

ಪ್ರಿನ್ಸಿಪಾಲರು ನನ್ನನ್ನು ಕರೆಸಿ ಅಭಿನಂದಿಸಿ, ಆಮೇಲೆ ಮೆಲ್ಲಗೆ ಕೇಳಿದರು: "ಮೇಡಂ, ಉಳಿದ ಸಂವಿಧಾನ ಕಿಲೋ ಎಷ್ಟು?"

೨. ಜೇಬು

ನಮ್ಮ ಮನೆ ಮಾಲೀಕರು ಬಹಳ ಮರ್ಯಾದಸ್ಥರು. ಅಡುಗೆಮನೆಯ ಸೂರು ಸೋರುತ್ತಿದೆ ಎಂದು ಬರೆದುಕೊಟ್ಟರೆ, "ಅಲಾಗೇನಮ್ಮಾ, ಆಗಲಿ" ಎಂದು ಚೀಟಿಯನ್ನು ಜೇಬಿಗಿಳಿಸುತ್ತಿದ್ದರು. ಏನೂ ಆಗುತ್ತಿರಲಿಲ್ಲ.

ಮೂರರಲ್ಲಿ ಎರಡು ಪಾಲು ಬಹುಮತವಿದ್ದರೆ ಅಮೆರಿಕದ ಅಧ್ಯಕ್ಷರ ವೀಟೊವನ್ನೇ ಮೀರಬಹುದಂತಲ್ಲ, ಮೇಲಿನ ಮನೆಯ ಬಾಡಿಗೆಯವರನ್ನೂ ಸೇರಿಸಿಕೊಳ್ಳೋಣ, ಮೂರು ಮನೆಯಲ್ಲಿ ಎರಡು ನಮ್ಮ ಕಡೆ ಎಂದರು ಯಜಮಾನರು. ಅದು ಇಲ್ಲಿ ನಡೆಯದು, ಇದು ಜೇಬಿನ ವೀಟೊ ಎಂದೆ. ಅಧ್ಯಕ್ಷರು ಸಹಿಯೂ ಹಾಕದೆ, ವಾಪಸ್ಸೂ ಕಳಿಸದೆ ಇಟ್ಟುಕೊಂಡಿರುವಾಗ ಸಂಸತ್ತಿನ ಅಧಿವೇಶನ ಮುಗಿದುಹೋದರೆ ಮಸೂದೆ ಸತ್ತಂತೆ. ಅದಕ್ಕೆ ಮದ್ದಿಲ್ಲ.

ಮುಂದಿನ ವಾರ ಮೇಸ್ತ್ರಿ ಬಂದು ಸೂರು ಸರಿಮಾಡಿದ. ಮಾಲೀಕರ ಹೆಂಡತಿ ಅಂಗಿ ಒಗೆಯುವಾಗ ಜೇಬು ತಡಕಿದ್ದರಂತೆ. ಬಟ್ಟೆ ಒಗೆಯುವವರನ್ನು ಒಂದು ಮಾತು ಕೇಳಿ ಬರೆದಿದ್ದರೆ, ಆ ಸಂವಿಧಾನದಲ್ಲೂ ಮದ್ದಿರುತ್ತಿತ್ತು.

೩. ಹೊಸ ರಾಜ್ಯ

ತೊಂಬತ್ತರ ದಶಕಕ್ಕೆ ನಾವು ವಿಶಾಖಪಟ್ಟಣದಲ್ಲಿದ್ದೆವು. ಅಲ್ಲಿ ಒಂದು ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಕನ್ನಡ ಸಂಘವಿತ್ತು. ರಾಜ್ಯೋತ್ಸವದ ಊಟಕ್ಕೆ ಪ್ರತಿ ವರ್ಷ ಜೋಳದ ರೊಟ್ಟಿಯೇ, ಏಕೆಂದರೆ ಧಾರವಾಡದವರೇ ಹೆಚ್ಚು. ಮೈಸೂರಿನವರು ಮುನಿಸಿಕೊಂಡರು. ಮುದ್ದೆ ಕಾಣದ ಕೋಲಾರದವರು ಸಂಘವನ್ನೇ ಬಿಡುತ್ತೇವೆಂದರು.

ಸಂಘದ ಅಧ್ಯಕ್ಷರು ಧಾರವಾಡದ ಎಂಜಿನಿಯರು. "ಸಂಘ ಒಡೀಬಾರದು ನೋಡ್ರಿ ಬಾಯಾರ, ಏನರೆ ಮಾಡ್ರಿ" ಎಂದು ನನ್ನ ಬಳಿ ಬಂದರು. ದೊಡ್ಡ ರಾಜ್ಯ, ಚಿಕ್ಕ ರಾಜ್ಯಗಳ ಜಗಳಕ್ಕೆ ಸಂವಿಧಾನ ಬರೆದವರು ಫಿಲಡೆಲ್ಫಿಯಾದಲ್ಲಿ ಕಂಡುಕೊಂಡ ರಾಜಿಸೂತ್ರವನ್ನೇ ನಾನು ಕೊಟ್ಟೆ. ಎರಡು ಸಭೆ ಇರಲಿ. ಕೆಳಗಿನದರಲ್ಲಿ ತಲೆಗೊಂದು ಮತ, ಮೇಲಿನದರಲ್ಲಿ ಸೀಮೆಗೆ ಎರಡೇ ಮತ. ಎರಡೂ ಕಡೆ ಗೆದ್ದದ್ದು ಎಲೆಗೆ ಬರುತ್ತದೆ. ಮಾತೆಲ್ಲ ಕನ್ನಡದಲ್ಲೇ ಆಗಬೇಕು.

ಕೆಳಗಿನ ಸಭೆಯಲ್ಲಿ ರೊಟ್ಟಿ ಗೆದ್ದಿತು, ಮೇಲಿನದರಲ್ಲಿ ಬಿತ್ತು. ಬಿಸಿಬೇಳೆ ಭಾತು, ಮುದ್ದೆಗಳಿಗೆ ಕೆಳಗೇ ಸೋಲು. ಎಲ್ಲರೂ ಸಪ್ಪಗೆ ಕೂತಿದ್ದಾಗ, ಮನೆಯಲ್ಲೂ ತೆಲುಗೇ ಆಡುತ್ತಿದ್ದ ಅಧ್ಯಕ್ಷರ ಮಗಳು ಕಾಲೇಜಿನ ಗೆಳತಿಯರ ಜತೆ ಎದ್ದು ನಿಂತಳು. ತಡೆತಡೆದು, ಕನ್ನಡದಲ್ಲೇ ಹೇಳಿದಳು: "ಅಪ್ಪಾ, ನಾವು ಧಾರವಾಡದವರಲ್ಲ. ಇಲ್ಲೇ ಹುಟ್ಟೀವಿ. ನಮ್ಮದೂ ಒಂದು ರಾಜ್ಯ ಮಾಡ್ರಿ."

ಅವಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲರೂ ನನ್ನ ಕಡೆ ನೋಡಿದರು. ಹೊಸದಾಗಿ ಸೇರುವ ರಾಜ್ಯಕ್ಕೆ ಹಳೆಯವಷ್ಟೇ ಅಧಿಕಾರ, ಅಮೆರಿಕದಲ್ಲೂ ಹಾಗೆಯೇ ಎಂದೆ.

ಎಲ್ಲ ಮನೆಯ ಮಕ್ಕಳ ತಲೆ ಸೇರಿದ್ದೇ ತಡ, ಕೆಳಗಿನ ಸಭೆ ಅವರ ಕೈಗೆ ಬಂತು. ಮೇಲಿನದರಲ್ಲಿ ಕೋಲಾರ, ಮೈಸೂರುಗಳು ಅವರ ಕಡೆಗೆ ವಾಲಿದವು. ಕನ್ನಡ ರಾಜ್ಯೋತ್ಸವದ ಊಟಕ್ಕೆ ಆಂಧ್ರದ ಪುಲಿಹೋರ ಮತ್ತು ಗೋಂಗೂರ ಚಟ್ನಿ ಎಂದು, ಅಚ್ಚಗನ್ನಡದಲ್ಲಿ, ತೀರ್ಮಾನವಾಯಿತು.

ಆ ದಿನ ಪಂಕ್ತಿಯಲ್ಲಿ ಅಧ್ಯಕ್ಷರು ಗೋಂಗೂರ ನೆಕ್ಕಿ, ಬೆರಳು ನೆಕ್ಕಿ, ಬಡಿಸುತ್ತಿದ್ದ ಮಗಳು ಅತ್ತ ಹೋದ ಮೇಲೆ ನನ್ನತ್ತ ಬಾಗಿದರು.

"ಬಾಯಾರ, ಅಮೆರಿಕಾದಾಗ ಸೋತವ್ರಿಗೂ ಎರಡನೇ ಸಲ ಬಡಸ್ತಾರೇನ್ರಿ?"